ಗುರುತಿನ ಚೀಟಿಗಿಂತ ಮೊದಲು ಮತದಾರರ ಪಟ್ಟಿ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಮಜರೆ ಊರು, ತೋಟದ ನಡುವಿನ ಒಂಟಿ ಮನೆ. ಕಳೆದ ಚುನಾವಣೆಯಲ್ಲಿ ಗುರುತಿನ ಚೀಟಿ ಹಿಡಿದುಕೊಂಡು ಹೋದರೂ ಪಟ್ಟಿಯಲ್ಲಿ ನನ್ನ ಹೆಸರಿಲ್ಲವೆಂದು ಮತಗಟ್ಟೆಯಿಂದ ವಾಪಸು ಕಳುಹಿಸಿದರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅವನ ಹೆಸರು ಇನ್ನೂ ಊರಿನಲ್ಲೇ ಇದೆ. ಮಗಳಿಗೆ ಬರುವ ಆಗಸ್ಟ್‌ನಲ್ಲಿ 18 ತುಂಬುತ್ತದೆ. ಅತ್ತೆಯವರಿಗೆ 87 ವರ್ಷ, ನಡೆಯಲಾರರು. ಹಳ್ಳಕ್ಕೆ ಕಾಲುಸಂಕ ಆಗಲಿಲ್ಲವೆಂದು ಊರವರು ಈ ಬಾರಿ ಮತದಾನ ಬಹಿಷ್ಕಾರದ ಮಾತಾಡುತ್ತಿದ್ದಾರೆ. ಮುಂದಿನ ಚುನಾವಣೆಗೆ ನಾವು ಈಗಿನಿಂದಲೇ ಏನೇನು ಸಿದ್ಧ ಮಾಡಿಕೊಳ್ಳಬೇಕು?
(ಓದುಗರೊಬ್ಬರು, ಹೊಸನಗರ ತಾಲ್ಲೂಕು)

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಬುಡ ಒಂದೇ ಕಡೆ ಇದೆ. ಮತ ಹಾಕುವ ಹಕ್ಕು ಬರುವುದು ಮತದಾರರ ಪಟ್ಟಿಯಿಂದ. ಆ ಪಟ್ಟಿಯಲ್ಲಿರುವ ವ್ಯಕ್ತಿ ನೀವೇ ಎಂದು ತೋರಿಸುವುದಷ್ಟೇ ಗುರುತಿನ ಚೀಟಿಯ ಕೆಲಸ. ಯಾವ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿಲ್ಲವೋ ಆ ಕ್ಷೇತ್ರದಲ್ಲಿ ಮತ ಹಾಕುವಂತಿಲ್ಲವೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಅಂದು ಮತಗಟ್ಟೆಯ ಅಧಿಕಾರಿ ನಿಮ್ಮನ್ನು ವಾಪಸು ಕಳುಹಿಸಿದ್ದು ನೋವಿನ ಸಂಗತಿಯಾದರೂ ಅವರಿಗೆ ಬೇರೆ ದಾರಿ ಇರಲಿಲ್ಲ, ಏಕೆಂದರೆ ಮತಗಟ್ಟೆಯಲ್ಲಿ ಕುಳಿತ ಯಾರಿಗೂ ಹೆಸರು ಸೇರಿಸುವ ಅಧಿಕಾರವಿಲ್ಲ. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ ಮತದಾನದ ದಿನ ಎಲ್ಲಕ್ಕಿಂತ ಹೆಚ್ಚು ಸಂಕಟ ತರುತ್ತಿದ್ದದ್ದು ಇದೇ ಬಗೆಯ ದೂರು. ಕೆಲವು ತಿಂಗಳ ಮೊದಲು ಒಂದು ಅರ್ಜಿಯಿಂದ ಸರಿಹೋಗುತ್ತಿದ್ದ ಲೋಪವನ್ನು ಆ ದಿನ ಜಿಲ್ಲಾಧಿಕಾರಿಯವರಿಂದಲೂ ಸರಿಪಡಿಸಲಾಗುವುದಿಲ್ಲ. ಮತದಾನದ ಸಿದ್ಧತೆಯೆಂದರೆ ಬಹುಪಾಲು ಚುನಾವಣೆ ಘೋಷಣೆಯಾಗುವುದಕ್ಕೆ ಮೊದಲು ಮಾಡಿ ಮುಗಿಸಬೇಕಾದ ಕೆಲಸ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಮೊದಲು ನಿಮ್ಮ ಹೆಸರು ನಿಜವಾಗಿಯೂ ಕಡಿದುಹೋಗಿದೆಯೋ ಅಥವಾ ಬೇರೆ ಭಾಗಕ್ಕೆ ಸೇರಿದೆಯೋ ನೋಡಿಕೊಳ್ಳಿ. ಪ್ರತಿ ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನು ಮತಗಟ್ಟೆಗೆ ಒಂದರಂತೆ ಭಾಗಗಳಾಗಿ ವಿಂಗಡಿಸಿರುತ್ತಾರೆ. ಮತಗಟ್ಟೆಗಳನ್ನು ಮರುವಿಂಗಡಿಸಿದಾಗ ಒಂದೇ ಊರಿನ ನಾಲ್ಕಾರು ಮನೆಗಳು ಪಕ್ಕದ ಶಾಲೆಯ ಭಾಗಕ್ಕೆ ಹೋಗುವುದುಂಟು. ಚುನಾವಣಾ ಆಯೋಗದ ಮತದಾರರ ಸೇವಾ ಜಾಲತಾಣದಲ್ಲಿ ಗುರುತಿನ ಚೀಟಿಯ ಮೇಲಿರುವ ಸಂಖ್ಯೆಯನ್ನು, ಅಂದರೆ ಮೂರು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕಿಗಳನ್ನು ಕೊಟ್ಟು ಹುಡುಕಿದರೆ ಹೆಸರು ರಾಜ್ಯದ ಯಾವ ಮೂಲೆಯಲ್ಲಿದ್ದರೂ ಸಿಗುತ್ತದೆ. ಹೆಸರು ಮತ್ತು ಊರಿನಿಂದ ಹುಡುಕುವವರು ಮಾತ್ರ ಒಂದು ವಿಷಯ ಗಮನದಲ್ಲಿಡಬೇಕು. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಹೊಸನಗರ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲ. ತಾಲ್ಲೂಕಿನ ಒಂದು ಭಾಗ ಸಾಗರ ಕ್ಷೇತ್ರಕ್ಕೂ ಇನ್ನೊಂದು ಭಾಗ ತೀರ್ಥಹಳ್ಳಿ ಕ್ಷೇತ್ರಕ್ಕೂ ಸೇರಿದೆ. ತಪ್ಪು ಕ್ಷೇತ್ರವನ್ನು ಆರಿಸಿ ಹುಡುಕಿ ಹೆಸರಿಲ್ಲವೆಂದು ಗಾಬರಿಯಾದವರನ್ನು ನಾನು ನೋಡಿದ್ದೇನೆ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ 1950 ಸಹಾಯವಾಣಿಗೆ ಕರೆ ಮಾಡಬಹುದು, ಅಥವಾ ಪೇಟೆಗೆ ಹೋದ ದಿನ ತಾಲ್ಲೂಕು ಕಚೇರಿಯಲ್ಲಿ ಪಟ್ಟಿಯನ್ನೇ ತೆಗೆಸಿ ನೋಡಬಹುದು. ಹೆಸರು ಸಿಕ್ಕಿದರೆ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಗಳನ್ನು ಮನೆಮಂದಿಯದೆಲ್ಲ ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಹೆಸರು ಎಲ್ಲಿಯೂ ಇಲ್ಲವೆಂದಾದರೆ ತಡಮಾಡದೆ ನಮೂನೆ 6ರಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ನಮೂನೆ 8 ಇರುವುದು ಪಟ್ಟಿಯಲ್ಲಿ ಈಗಾಗಲೇ ಹೆಸರಿರುವವರು ವಿಳಾಸ ಬದಲಿಸಲು, ತಪ್ಪು ತಿದ್ದಿಸಲು ಅಥವಾ ಕಳೆದುಹೋದ ಚೀಟಿಯ ಬದಲು ಇನ್ನೊಂದನ್ನು ಪಡೆಯಲು. ಅದನ್ನು ತುಂಬಿಕೊಟ್ಟರೆ ಕಡಿದುಹೋದ ಹೆಸರು ಮರಳಿ ಬರುವುದಿಲ್ಲ. ಅರ್ಜಿಯ ಜೊತೆಗೆ ಹೆಸರನ್ನು ಏಕೆ ತೆಗೆದರೆಂದು ಚುನಾವಣಾ ಶಾಖೆಯಲ್ಲಿ ಬರಹದಲ್ಲಿ ಕೇಳಿ. ಮತದಾರರು ಊರು ಬಿಟ್ಟಿದ್ದಾರೆ ಎಂಬಂಥ ಕಾರಣಕ್ಕೆ ಹೆಸರು ತೆಗೆಯುವ ಮೊದಲು ನೋಂದಣಾಧಿಕಾರಿಗಳು ಅವರಿಗೆ ತಿಳಿಸಿ, ಹೇಳಿಕೊಳ್ಳುವ ಅವಕಾಶ ಕೊಡಬೇಕೆಂದು ಮತದಾರರ ಪಟ್ಟಿಗೆ ಸಂಬಂಧಿಸಿದ 1950ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ನೋಂದಣಾಧಿಕಾರಿಗಳ ಆದೇಶ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ, ಅಲ್ಲಿಯೂ ನ್ಯಾಯ ಸಿಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಈ ದಾರಿ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿರುವವರೂ ಹೋಗಲಿ ಬಿಡು ಎಂದು ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ ಎಂಬುದು ನನ್ನ ಕಳಕಳಿಯ ಮಾತು.

ಮಲೆನಾಡಿನಲ್ಲಿ ಹೆಸರು ತಪ್ಪುವುದಕ್ಕೆ ನಮ್ಮ ನೆಲದ ರಚನೆಯೂ ಒಂದು ಕಾರಣ. ಬಯಲುಸೀಮೆಯ ಊರಿನಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ಒಂದು ಬೀದಿಯನ್ನು ಒಂದು ಬೆಳಗಿನಲ್ಲಿ ಮುಗಿಸಬಹುದು. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಇಳಿದು, ಗದ್ದೆಯ ಅಂಚು ಹಿಡಿದು, ಹಳ್ಳ ದಾಟಿ ಹೋಗಬೇಕು. ಹೋದಾಗ ಮನೆಯವರು ತೋಟದಲ್ಲಿದ್ದರೆ ಅಂಗಳದಲ್ಲಿ ನಾಯಿಯೊಂದೇ ಇರುತ್ತದೆ. ಬಿಎಲ್‌ಒ ಆಗಿರುವವರು ಬಹುಮಟ್ಟಿಗೆ ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು, ಗ್ರಾಮ ಆಡಳಿತಾಧಿಕಾರಿಗಳು. ಅವರು ತಮ್ಮ ಮೂಲ ಕೆಲಸದ ಜೊತೆಗೆ ಇದನ್ನೂ ಮಾಡುತ್ತಾರೆ. ಆದ್ದರಿಂದ ಅರ್ಜಿ ಹಾಕಿದ ಮೇಲೆ ನಿಮ್ಮ ಭಾಗದ ಬಿಎಲ್‌ಒ ಯಾರೆಂದು ತಿಳಿದುಕೊಂಡು, ಮನೆಯಲ್ಲಿ ಯಾರಾದರೂ ಇರುವ ಹೊತ್ತನ್ನೂ ನಿಮ್ಮ ದೂರವಾಣಿ ಸಿಗದಿದ್ದರೆ ಹತ್ತಿರದ ಮನೆಯವರ ಸಂಖ್ಯೆಯನ್ನೂ ಅವರಿಗೆ ತಿಳಿಸಿಡಿ. ಅರ್ಜಿಗೆ ಸಿಗುವ ಉಲ್ಲೇಖ ಸಂಖ್ಯೆಯನ್ನು ಜೋಪಾನವಾಗಿಡಿ. ಹೆಸರು ಸೇರಿಸುವ ಅರ್ಜಿಯನ್ನು ಆಕ್ಷೇಪಣೆಗಾಗಿ ಕನಿಷ್ಠ 7 ದಿನ ಪ್ರಕಟಿಸಿಯೇ ತೀರ್ಮಾನಿಸಬೇಕಾದ್ದರಿಂದ, ಇಂದು ಕೊಟ್ಟು ನಾಳೆ ಆಗುವ ಕೆಲಸವಿದಲ್ಲ.

ಇಲ್ಲಿ ಗಡುವಿನ ವಿಷಯ ಹೇಳಲೇಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾವ ಹೆಸರೂ ಸೇರುವಂತಿಲ್ಲ. 2023ರ ವಿಧಾನಸಭಾ ಚುನಾವಣೆಯನ್ನು ಮಾರ್ಚ್ 29ರಂದು ಘೋಷಿಸಿದರು, ನಾಮಪತ್ರಕ್ಕೆ ಏಪ್ರಿಲ್ 20 ಕೊನೆಯ ದಿನವಾಗಿತ್ತು, ಮತದಾನ ಮೇ 10ರಂದು ನಡೆಯಿತು. ಮತದಾನಕ್ಕೆ ಇನ್ನೂ ಇಪ್ಪತ್ತು ದಿನಗಳಿರುವಾಗಲೇ ಪಟ್ಟಿಯ ಬಾಗಿಲು ಮುಚ್ಚಿತ್ತು. ಅರ್ಜಿಯ ಪರಿಶೀಲನೆಗೆ ಬೇಕಾದ ದಿನಗಳನ್ನು ಕಳೆದರೆ ಘೋಷಣೆಯ ನಂತರ ಉಳಿಯುವುದು ಹತ್ತು ಹನ್ನೆರಡು ದಿನ ಮಾತ್ರ. ಆ ದಿನಗಳಲ್ಲಿ ಕಚೇರಿಯಲ್ಲಿ ಎಷ್ಟು ನೂಕುನುಗ್ಗಲಿರುತ್ತದೆಂದು ಹೇಳಬೇಕಾಗಿಲ್ಲ. ಮುಂದೆ ಬರುವುದು ಪಂಚಾಯಿತಿ ಚುನಾವಣೆಯಾದರೂ ಈ ಶ್ರಮ ವ್ಯರ್ಥವಲ್ಲ. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವೆಂಬ ಬೇರೆಯೇ ಸಂಸ್ಥೆಯಾದರೂ ಅಲ್ಲಿ ಬಳಸುವ ಪಟ್ಟಿಯ ಮೂಲ ವಿಧಾನಸಭೆಯ ಪಟ್ಟಿಯೇ.

ಹೆಸರಿನ ಕಾಗುಣಿತದ ಬಗ್ಗೆಯೂ ಒಂದು ಮಾತು. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಪಟ್ಟಿಯಲ್ಲಿ ಇನ್ನೊಂದು ಬಗೆ, ಪಡಿತರ ಚೀಟಿಯಲ್ಲಿ ಮತ್ತೊಂದು ಬಗೆ ಇರುವುದು ಸಾಮಾನ್ಯ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದಲೇ ಹೊರಗುಳಿಯಬೇಕಾಯಿತು. ಇಂದು ಅಂಥ ಸ್ಥಿತಿಯಿಲ್ಲ. ಅಕ್ಷರದ ಸಣ್ಣಪುಟ್ಟ ವ್ಯತ್ಯಾಸಕ್ಕಾಗಿ, ವ್ಯಕ್ತಿಯ ಗುರುತು ಸ್ಪಷ್ಟವಾಗಿದ್ದರೆ, ಮತ ನಿರಾಕರಿಸಬಾರದೆಂದು ಆಯೋಗದ ಸೂಚನೆಯಿದೆ. ಆದರೂ ಫೋಟೊ ಬೇರೆಯವರದ್ದಾಗಿದ್ದರೆ ಅಥವಾ ಹೆಸರೇ ಬದಲಾಗಿದ್ದರೆ ನಮೂನೆ 8ರಲ್ಲಿ ತಿದ್ದಿಸಿಕೊಳ್ಳಿ. ತವರಿನ ಪಟ್ಟಿಯಲ್ಲಿಯೂ ಗಂಡನ ಮನೆಯ ಪಟ್ಟಿಯಲ್ಲಿಯೂ ಹೆಸರಿರುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಇದರಲ್ಲಿ ದುರುದ್ದೇಶ ಇರುವುದಿಲ್ಲ, ಆದರೆ ಒಬ್ಬರ ಹೆಸರು ಎರಡು ಕಡೆ ಇರುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ತವರಿನಲ್ಲಿರುವ ಹೆಸರನ್ನು ನಮೂನೆ 7 ಕೊಟ್ಟು ತೆಗೆಸುವುದು ಕ್ಷೇಮ.

ನಿಮ್ಮ ಮಗನ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮಗೆ ಹಿಡಿಸದಿರಬಹುದು. ಕಾಯ್ದೆ ಕೇಳುವುದು ಒಬ್ಬ ವ್ಯಕ್ತಿ ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೆ ಎಂಬುದನ್ನು. ಊರಿನಲ್ಲಿ ಮನೆ, ತೋಟ ಇದೆಯೆಂಬ ಮಾತ್ರಕ್ಕೆ ಆತ ಊರಿನ ನಿವಾಸಿಯಾಗುವುದಿಲ್ಲವೆಂದು 1950ರ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಸ್ವಲ್ಪ ಕಾಲ ಊರು ಬಿಟ್ಟಿದ್ದಾನೆಂಬ ಮಾತ್ರಕ್ಕೆ ನಿವಾಸ ತಪ್ಪುವುದೂ ಇಲ್ಲ ಎಂದು ಅದೇ ಕಲಮು ಹೇಳುತ್ತದೆ. ಓದಿಗಾಗಿ ಹಾಸ್ಟೆಲಿನಲ್ಲಿರುವ ಮಕ್ಕಳು ಊರಿನ ಪಟ್ಟಿಯಲ್ಲೇ ಉಳಿಯಬಹುದು, ಅಥವಾ ಹಾಸ್ಟೆಲಿನ ವಿಳಾಸಕ್ಕೆ ಬದಲಿಸಿಕೊಳ್ಳಬಹುದು, ಆಯ್ಕೆ ಅವರದ್ದು. ಆದರೆ ನಿಮ್ಮ ಮಗ ಕಾಯಂ ಕೆಲಸದಲ್ಲಿದ್ದು, ಬಾಡಿಗೆ ಮನೆ ಮಾಡಿ, ಹಬ್ಬಕ್ಕೆ ಮಾತ್ರ ಊರಿಗೆ ಬರುವವನಾದರೆ ಬೆಂಗಳೂರಿನ ಪಟ್ಟಿಗೆ ಸೇರುವುದು ಸರಿಯಾದ ಕ್ರಮ. ನಮೂನೆ 8ರಲ್ಲಿ ಸ್ಥಳಾಂತರವೆಂದು ಅರ್ಜಿ ಕೊಟ್ಟರೆ ಊರಿನ ಹೆಸರು ತಾನಾಗಿ ತೆಗೆದುಹೋಗುತ್ತದೆ. ಅಲ್ಲಿ ನಮೂನೆ 6 ತುಂಬಿ, ಬೇರೆಲ್ಲಿಯೂ ಹೆಸರಿಲ್ಲವೆಂದು ಸಹಿ ಹಾಕಿದರೆ ಮಾತ್ರ ಅದು ಸುಳ್ಳು ಘೋಷಣೆಯಾಗುತ್ತದೆ, ಅದಕ್ಕೆ ಒಂದು ವರ್ಷದವರೆಗೆ ಶಿಕ್ಷೆಯಿದೆ. ಕುಡಿಯುವ ನೀರು, ರಸ್ತೆ, ಬಸ್ಸು ಎಂದು ದಿನವೂ ಅವನನ್ನು ಕಾಡುವ ಪ್ರಶ್ನೆಗಳು ಅಲ್ಲಿಯವು, ಅಲ್ಲಿನ ಪ್ರತಿನಿಧಿಯನ್ನು ಆರಿಸುವುದರಲ್ಲಿ ಅವನ ಪಾಲಿರಬೇಕು.

ಅವನು ಊರಿನಲ್ಲೇ ಹೆಸರು ಉಳಿಸಿಕೊಂಡಿರುವಷ್ಟು ಕಾಲ ಬಂದು ಮತ ಹಾಕುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕಾಗುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನಲ್ಲಿ ಏಪ್ರಿಲ್ 26ಕ್ಕೆ, ಶಿವಮೊಗ್ಗ ಕ್ಷೇತ್ರದಲ್ಲಿ ಮೇ 7ಕ್ಕೆ ಮತದಾನವಾಯಿತು. ಮೇ 7ರಂದು ಬೆಂಗಳೂರಿನ ಕಚೇರಿಗಳು ಎಂದಿನಂತೆ ತೆರೆದಿದ್ದವು, ಹಾಗಾಗಿ ನಮ್ಮ ಕಡೆಯ ಎಷ್ಟೋ ಹುಡುಗರು ರಜೆ ಕೇಳಲು ಹಿಂಜರಿದರು. ವಾಸ್ತವದಲ್ಲಿ ಉದ್ಯೋಗಿಗೆ ತನ್ನ ಹೆಸರಿರುವ ಕ್ಷೇತ್ರದಲ್ಲಿ ಮತದಾನವಿರುವ ದಿನ, ಕೆಲಸದ ಸ್ಥಳ ಬೇರೆ ಕಡೆಯಿದ್ದರೂ, ಸಂಬಳ ಸಹಿತ ರಜೆ ಪಡೆಯುವ ಹಕ್ಕು 1951ರ ಕಾಯ್ದೆಯ 135ಬಿ ಕಲಮಿನಲ್ಲಿದೆ, ದಿನಗೂಲಿಯವರಿಗೂ ಇದೆ. ಉದ್ಯೋಗಿಯ ಗೈರುಹಾಜರಿಯಿಂದ ಅಪಾಯ ಅಥವಾ ಭಾರಿ ನಷ್ಟ ಆಗುವಂಥ ಕೆಲಸಗಳಿಗೆ ಮಾತ್ರ ವಿನಾಯಿತಿ. ದಿನಾಂಕ ಘೋಷಣೆಯಾದ ವಾರದಲ್ಲೇ ಈ ಕಲಮನ್ನು ಉಲ್ಲೇಖಿಸಿ ಕಚೇರಿಗೆ ಪತ್ರ ಕೊಟ್ಟು, ಬಸ್ಸಿನದೋ ರೈಲಿನದೋ ಟಿಕೆಟ್ ಮಾಡಿಸಿಕೊಳ್ಳುವಂತೆ ಹೇಳಿ.

ಮಗಳದ್ದು ಸುಲಭದ ಕೆಲಸ. ಮೊದಲು ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಆ ವರ್ಷ ಅವಕಾಶವಿತ್ತು. ಈಗ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳ 1ನೇ ತಾರೀಖು ಹೀಗೆ ನಾಲ್ಕು ಅರ್ಹತಾ ದಿನಗಳಿವೆ. ಆಗಸ್ಟ್‌ನಲ್ಲಿ 18 ತುಂಬುವ ನಿಮ್ಮ ಮಗಳು ಅಕ್ಟೋಬರ್ 1ಕ್ಕೆ ಅರ್ಹಳಾಗುತ್ತಾಳೆ. 17 ತುಂಬಿದವರಿಂದ ಮುಂಗಡವಾಗಿಯೇ ಅರ್ಜಿ ಪಡೆಯುವುದರಿಂದ ಅವಳು ಈಗಲೇ ನಮೂನೆ 6 ಕೊಡಬಹುದು. ವಯಸ್ಸಿಗೆ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸಕ್ಕೆ ಆಧಾರ್ ಅಥವಾ ಮನೆಯ ಕರೆಂಟ್ ಬಿಲ್ಲು ಸಾಕು. ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಇನಿಷಿಯಲ್ ಸಮೇತ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅವಳೇ ಕುಳಿತು ತುಂಬಲಿ. ಸೈಬರ್ ಸೆಂಟರಿನಲ್ಲಿ ಬೇರೆಯವರು ಅವಸರದಲ್ಲಿ ತುಂಬಿದ ಅರ್ಜಿಗಳಲ್ಲೇ ತಪ್ಪುಗಳು ಹೆಚ್ಚು.

ಅತ್ತೆಯವರಿಗೆ ಮನೆಯಿಂದಲೇ ಮತ ಹಾಕುವ ಸೌಲಭ್ಯವಿದೆ. ರಾಜ್ಯದಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಇದು ದೊರೆಯಿತು. 2024ರಲ್ಲಿ ಆ ವಯಸ್ಸನ್ನು 85ಕ್ಕೆ ಏರಿಸಿದರು, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೂ ಅವಕಾಶವಿದೆ. ಆದರೆ ಇದು ತಾನಾಗಿ ಮನೆಗೆ ಬರುವುದಿಲ್ಲ, ಕೇಳಿ ಪಡೆಯಬೇಕು. ಚುನಾವಣಾ ಅಧಿಸೂಚನೆ ಹೊರಟ ಐದು ದಿನಗಳೊಳಗೆ ನಮೂನೆ 12ಡಿ ತುಂಬಿಕೊಡಬೇಕು. ಬಿಎಲ್‌ಒ ಆ ನಮೂನೆಯನ್ನು ಮನೆಗೇ ತಂದುಕೊಡುತ್ತಾರಾದರೂ ನಮ್ಮಂಥ ಒಂಟಿ ಮನೆಗಳಿಗೆ ಅವರು ಬರುವುದು ತಡವಾಗಬಹುದು, ನೀವೇ ಮುಂದಾಗಿ ಕೇಳುವುದು ಒಳ್ಳೆಯದು. ಮುಂದೆ ನಿಗದಿಯಾದ ದಿನ ಸಿಬ್ಬಂದಿಯ ತಂಡವೊಂದು ವಿಡಿಯೊ ಚಿತ್ರೀಕರಣದವರು ಮತ್ತು ಪೊಲೀಸರೊಂದಿಗೆ ಬರುತ್ತದೆ. ಅತ್ತೆಯವರು ಮತ ಗುರುತು ಮಾಡುವುದನ್ನು ಅವರೂ ನೋಡಬಾರದು, ಮನೆಯವರೂ ಇಣುಕಬಾರದು. ಅವರಿಗೆ ಕಣ್ಣು ಕಾಣದಿದ್ದರೆ ಅಥವಾ ಕೈ ಆಡದಿದ್ದರೆ ಮಾತ್ರ ಅವರು ಒಪ್ಪಿದ ಒಬ್ಬರು ನೆರವಾಗಬಹುದು. ಯಾರಿಗೆ ಹಾಕಬೇಕೆಂದು ಅವರಿಗೆ ಹೇಳಿಕೊಡುವುದು ನೆರವಲ್ಲ. ಒಮ್ಮೆ 12ಡಿ ಕೊಟ್ಟು ಒಪ್ಪಿಗೆಯಾದ ಮೇಲೆ ಮತಗಟ್ಟೆಗೆ ಹೋಗಿ ಮತ ಹಾಕಲು ಬರುವುದಿಲ್ಲ ಎಂಬುದನ್ನೂ ಮೊದಲೇ ತಿಳಿಸಿ ಅವರ ಇಚ್ಛೆಯನ್ನು ಕೇಳಿ. ಗಾಡಿಯಲ್ಲಿ ಕೂರಿಸಿಕೊಂಡು ಹೋದರೆ ಶಾಲೆಯಲ್ಲೇ ಮತ ಹಾಕುತ್ತೇನೆಂದು ಹಟ ಹಿಡಿಯುವ ಅಜ್ಜಿಯಂದಿರಿದ್ದಾರೆ. ಆ ಹಟವನ್ನು ಮನೆಯವರು ಗೌರವಿಸಬೇಕು.

ಪಟ್ಟಿಯ ಕೆಲಸ ಮುಗಿದ ಮೇಲಿನ ಸಿದ್ಧತೆ ಅಭ್ಯರ್ಥಿಗಳಿಗೆ ಸಂಬಂಧಿಸಿದ್ದು. ಪ್ರತಿ ಅಭ್ಯರ್ಥಿಯೂ ನಾಮಪತ್ರದೊಂದಿಗೆ ನಮೂನೆ 26ರಲ್ಲಿ ಪ್ರಮಾಣಪತ್ರ ಸಲ್ಲಿಸುತ್ತಾರೆ. ತನ್ನ ಮತ್ತು ಕುಟುಂಬದ ಆಸ್ತಿ, ಸಾಲ, ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳು ಎಲ್ಲವೂ ಅದರಲ್ಲಿರುತ್ತವೆ. ಅದು ಆಯೋಗದ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ, ಚುನಾವಣಾಧಿಕಾರಿಯ ಕಚೇರಿಯ ಸೂಚನಾ ಫಲಕದಲ್ಲಿಯೂ ಹಚ್ಚಿರುತ್ತಾರೆ. ಕಳೆದ ಬಾರಿ ಗೆದ್ದವರೇ ಮತ್ತೆ ನಿಂತಿದ್ದರೆ ಹಳೆಯ ಪ್ರಮಾಣಪತ್ರವನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಓದಿ. ಮಗಳಿಗೆ ಈ ಕೆಲಸ ವಹಿಸಿದರೆ ಅವಳ ಮೊದಲ ಮತಕ್ಕೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲವೆಂದು ನಾನು ನಂಬಿದ್ದೇನೆ.

ಅಭ್ಯರ್ಥಿ ಮನೆಗೆ ಬಂದಾಗ ಕೇಳುವ ಪ್ರಶ್ನೆ ಸರಿಯಾದ ವ್ಯಕ್ತಿಗೆ ಹೋಗಬೇಕು. ಮಲೆನಾಡಿನ ಜಮೀನಿನ ಸಮಸ್ಯೆಯನ್ನೇ ತೆಗೆದುಕೊಳ್ಳಿ. ಎಲ್ಲ ಚುನಾವಣೆಯಲ್ಲಿಯೂ ಎಲ್ಲರೂ ಹಕ್ಕುಪತ್ರ ಕೊಡಿಸುತ್ತೇನೆ ಎನ್ನುತ್ತಾರೆ, ಆದರೆ ದಾರಿಗಳು ಬೇರೆ ಬೇರೆ. ಬಗರ್ ಹುಕುಂ ಅರ್ಜಿಗಳನ್ನು ನೋಡುವ ತಾಲ್ಲೂಕು ಸಮಿತಿಗೆ ಅಧ್ಯಕ್ಷರಾಗುವವರು ಶಾಸಕರು. ಸಮಿತಿಯ ಸಭೆ ಎಷ್ಟು ಬಾರಿ ಸೇರಿಸುತ್ತೀರಿ, ನಮ್ಮ ಹೋಬಳಿಯ ಅರ್ಜಿಗಳು ಎಲ್ಲಿಗೆ ಬಂದಿವೆ ಎಂದು ಶಾಸಕ ಸ್ಥಾನದ ಅಭ್ಯರ್ಥಿಯನ್ನು ಕೇಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕೆಂಬ ಷರತ್ತು ನಮ್ಮ ಎಷ್ಟೋ ರೈತರಿಗೆ ಅಡ್ಡಿಯಾಗಿದೆ. ಅದನ್ನು ಬದಲಿಸುವುದು ಸಂಸತ್ತಿನ ಕೆಲಸ, ಆ ಪ್ರಶ್ನೆ ಲೋಕಸಭಾ ಅಭ್ಯರ್ಥಿಗೆ ಹೋಗಬೇಕು. ಅದೇ ಕಾಯ್ದೆಯಡಿ ಅರ್ಜಿಯನ್ನು ಮೊದಲು ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿ ರಚನೆಯಾಗುವುದು ಗ್ರಾಮಸಭೆಯಲ್ಲಿ. ಗ್ರಾಮಸಭೆ ಸರಿಯಾಗಿ ನಡೆಯುತ್ತದೆಯೇ ಎಂಬುದು ಪಂಚಾಯಿತಿಗೆ ನಿಂತವರನ್ನು ಕೇಳುವ ಮಾತು. ಎಲೆಚುಕ್ಕೆ ರೋಗ, ಮಂಗನ ಕಾಯಿಲೆ, ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿ, ಎಲ್ಲಕ್ಕೂ ಹೀಗೆಯೇ ಯಾವ ಹಂತದಲ್ಲಿ ಯಾರ ಕೈಯಲ್ಲಿ ಏನಿದೆಯೆಂದು ಊರಿನವರು ನಾಲ್ಕು ಜನ ಕುಳಿತು ಬರೆದುಕೊಂಡರೆ ಬಂದವರು ಹಾರಿಕೆಯ ಉತ್ತರ ಕೊಟ್ಟು ಹೋಗುವುದು ಕಷ್ಟವಾಗುತ್ತದೆ.

ಹಣ, ಹೆಂಡ, ಉಡುಗೊರೆಗಳ ಬಗ್ಗೆ ಎಲ್ಲರಿಗೂ ಗೊತ್ತಿದೆ. ಕೊಡುವವರಷ್ಟೇ ಪಡೆಯುವವರೂ ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥರು ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಅದಕ್ಕಿಂತ ಹೆಚ್ಚು ಹೇಳಬೇಕಾದ್ದು ಆಣೆ ಮಾಡಿಸುವ ಪದ್ಧತಿಯ ಬಗ್ಗೆ. ದೇವರ ಪ್ರಸಾದವನ್ನೋ ಅಕ್ಕಿಯನ್ನೋ ಮುಟ್ಟಿಸಿ, ಧರ್ಮಸ್ಥಳದ ಹೆಸರು ಹೇಳಿ ಇಂಥವರಿಗೇ ಮತ ಹಾಕುತ್ತೇನೆಂದು ಮಾತು ತೆಗೆದುಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ದೈವಭಕ್ತಿಯುಳ್ಳ ಬಡ ಹೆಂಗಸರು ಇದಕ್ಕೆ ಹೆದರಿ, ಮನಸ್ಸಿಗೆ ಒಪ್ಪದಿದ್ದರೂ ಆ ಮಾತಿನಂತೆ ನಡೆದುಕೊಂಡದ್ದನ್ನು ನಾನು ಬಲ್ಲೆ. ದೇವರ ಕೋಪಕ್ಕೆ ಗುರಿಯಾಗುತ್ತೀರೆಂದು ಮತದಾರರನ್ನು ನಂಬಿಸಿ ಒತ್ತಾಯಿಸುವುದನ್ನು 1951ರ ಕಾಯ್ದೆಯ 123ನೇ ಕಲಮು ಭ್ರಷ್ಟ ಆಚರಣೆಯೆಂದೇ ಕರೆದಿದೆ. ಅಂಥ ಬಲವಂತದ ಆಣೆಗೆ ನೀವು ಕಟ್ಟುಬೀಳಬೇಕಾಗಿಲ್ಲವೆಂದು ಕೆಲಸಕ್ಕೆ ಬರುವ ಹೆಣ್ಣಾಳುಗಳಿಗೂ ತಿಳಿಸಿ ಹೇಳಿ. ಮತ ಯಾರಿಗೆ ಬಿತ್ತೆಂದು ತಮಗೆ ಗೊತ್ತಾಗುತ್ತದೆಂದು ಬೆದರಿಸುವವರ ಮಾತಿಗೂ ಆಧಾರವಿಲ್ಲ. ಒಂದು ಮತಗಟ್ಟೆಯಲ್ಲಿ ಯಾವ ಪಕ್ಷಕ್ಕೆ ಒಟ್ಟು ಎಷ್ಟು ಮತ ಬಂತೆಂದು ಎಣಿಕೆಯಲ್ಲಿ ತಿಳಿಯುತ್ತದೆ ನಿಜ, ಆದರೆ ಯಾರ ಮತ ಯಾರಿಗೆಂದು ತಿಳಿಯುವ ದಾರಿ ಯಂತ್ರದಲ್ಲಿಲ್ಲ. ಆಮಿಷ ಒಡ್ಡುವುದು ಕಣ್ಣಿಗೆ ಬಿದ್ದರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಸಮೇತ ದೂರು ಕೊಡಬಹುದು, 100 ನಿಮಿಷಗಳಲ್ಲಿ ಕ್ರಮ ಕೈಗೊಳ್ಳಬೇಕೆಂಬುದು ಅದರ ನಿಯಮ. ಹೆಸರು ಹೇಳದೆಯೂ ದೂರು ಕೊಡಲು ಅದರಲ್ಲಿ ಅವಕಾಶವಿದೆ.

ಮತದಾನದ ದಿನಕ್ಕೆ ಹೆಚ್ಚೇನೂ ಬೇಕಾಗುವುದಿಲ್ಲ. ಬಿಎಲ್‌ಒ ಹಂಚುವ ಮತದಾರರ ಮಾಹಿತಿ ಚೀಟಿ ಹೆಸರು ಹುಡುಕಲು ಅನುಕೂಲ, ಆದರೆ 2019ರಿಂದ ಅದನ್ನು ಗುರುತಿನ ದಾಖಲೆಯೆಂದು ಪರಿಗಣಿಸುವುದಿಲ್ಲ. ಮತದಾರರ ಗುರುತಿನ ಚೀಟಿ ಇಲ್ಲದಿದ್ದರೆ ಆಧಾರ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್, ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಪಾಸ್‌ಪೋರ್ಟ್ ಮುಂತಾದವುಗಳಲ್ಲಿ ಒಂದು ಸಾಕು. ತವರಿನ ಕ್ಷೇತ್ರದಲ್ಲಿ ಕೊಟ್ಟ ಹಳೆಯ ಗುರುತಿನ ಚೀಟಿಯೂ, ಹೆಸರು ಇಲ್ಲಿನ ಪಟ್ಟಿಯಲ್ಲಿದ್ದರೆ, ಗುರುತಿಗೆ ನಡೆಯುತ್ತದೆ. ಮೂಲ ದಾಖಲೆಯನ್ನೇ ಒಯ್ಯಿರಿ. ಮೊಬೈಲನ್ನು ಮತಗಟ್ಟೆಯ ಒಳಗೆ ಬಿಡುವುದಿಲ್ಲ, ಬಿಟ್ಟರೂ ನಮ್ಮ ಕಾಡಿನ ಶಾಲೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ ಹಿಡಿಯುವುದು ಇಲ್ಲಿ ಸಾಮಾನ್ಯವಾದ್ದರಿಂದ ಬೆಳಿಗ್ಗೆಯೇ ಹೋಗಿಬರುವುದು ಲೇಸು. ತಡವಾದರೂ, ಮುಕ್ತಾಯದ ಗಳಿಗೆಯಲ್ಲಿ ಸಾಲಿನಲ್ಲಿ ನಿಂತಿರುವವರಿಗೆಲ್ಲ ಚೀಟಿ ಕೊಟ್ಟು, ಎಷ್ಟು ಹೊತ್ತಾದರೂ ಮತ ಹಾಕಿಸಿಯೇ ಬಾಗಿಲು ಹಾಕುತ್ತಾರೆ.

ಒಳಗೆ ಮೊದಲು ಎಡಗೈ ತೋರುಬೆರಳನ್ನು ನೋಡುತ್ತಾರೆ. 2020ರ ಗ್ರಾಮ ಪಂಚಾಯಿತಿ ಚುನಾವಣೆ ಡಿಸೆಂಬರ್ 22 ಮತ್ತು 27ರಂದು, ಅಡಿಕೆ ಕೊಯ್ಲಿನ ನಟ್ಟನಡುವೆ ನಡೆದಿತ್ತು. ಹಸಿ ಅಡಿಕೆ ಸುಲಿದ ಬೆರಳುಗಳಲ್ಲಿ ಕಪ್ಪು ಚೊಗರು ಕೂತಿರುತ್ತದೆ, ಎಣ್ಣೆ ಸವರಿಕೊಂಡಿದ್ದರೆ ಶಾಯಿ ಹಿಡಿಯುವುದಿಲ್ಲ. ಹಿಂದಿನ ರಾತ್ರಿಯೇ ಬೆರಳನ್ನು ತಿಕ್ಕಿ ತೊಳೆದುಕೊಂಡು ಹೋದರೆ ಅನುಮಾನಕ್ಕೂ ತಕರಾರಿಗೂ ಎಡೆಯಿರುವುದಿಲ್ಲ. ಉಗುರಿನ ಬುಡಕ್ಕೆ ಹಚ್ಚುವ ಆ ಶಾಯಿ 1962ರಿಂದಲೂ ತಯಾರಾಗುತ್ತಿರುವುದು ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ. ಮತಯಂತ್ರದಲ್ಲಿ ಗುಂಡಿ ಒತ್ತಿದ ತಕ್ಷಣ ಹೊರಡಬೇಡಿ. ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ ನೀವು ಆರಿಸಿದ ಅಭ್ಯರ್ಥಿಯ ಕ್ರಮ ಸಂಖ್ಯೆ, ಹೆಸರು, ಚಿಹ್ನೆಗಳಿರುವ ಚೀಟಿ 7 ಸೆಕೆಂಡು ಕಾಣಿಸಿ ಒಳಗೆ ಬೀಳುತ್ತದೆ, ಅದನ್ನು ನೋಡಿಕೊಂಡು ಬನ್ನಿ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿದ್ದಾರೆಂದು ಹೇಳಿದರೆ ಜಗಳವಾಡಿ ಹೊರಗೆ ಬರಬೇಡಿ. ಗುರುತು ಸಾಬೀತುಪಡಿಸಿ, ಪ್ರದತ್ತ ಮತಕ್ಕೆ (ಟೆಂಡರ್ಡ್ ವೋಟ್), ಅಂದರೆ ಯಂತ್ರದ ಬದಲು ಮತಪತ್ರದಲ್ಲಿ ಹಾಕುವ ಮತಕ್ಕೆ, ಅವಕಾಶ ಕೊಡಿ ಎಂದು ಮತಗಟ್ಟೆ ಅಧ್ಯಕ್ಷಾಧಿಕಾರಿಯನ್ನು ಕೇಳಿ. ಚುನಾವಣೆ ನಡೆಸುವ ನಿಯಮಗಳ 49ಪಿ ನಿಯಮದ ಅಡಿಯಲ್ಲಿ ಅವರು ಮತಪತ್ರ ಕೊಡಲೇಬೇಕು.

ಇನ್ನು ಬಹಿಷ್ಕಾರದ ಮಾತು. ಕಾಲುಸಂಕವಿಲ್ಲದೆ ಮಳೆಗಾಲದಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಂದಿರ ಸಿಟ್ಟು ನ್ಯಾಯವಾದದ್ದೇ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಇಷ್ಟೇ ಮತದಾನವಾಗಬೇಕೆಂಬ ಕನಿಷ್ಠ ಮಿತಿ ನಮ್ಮ ಕಾನೂನಿನಲ್ಲಿಲ್ಲ. ಒಂದು ಮತಗಟ್ಟೆಯಲ್ಲಿ ಒಂದೂ ಮತ ಬೀಳದಿದ್ದರೂ ಕ್ಷೇತ್ರದ ಫಲಿತಾಂಶ ಘೋಷಣೆಯಾಗುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಂದ ನೋಟಾ ಗುಂಡಿ ಅಸಮ್ಮತಿಯನ್ನು ದಾಖಲಿಸುತ್ತದೆ, ಬಹಿಷ್ಕಾರಕ್ಕೆ ಆ ದಾಖಲೆಯೂ ಉಳಿಯುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಸಮಯದ ಪ್ರಶ್ನೆ. ಬಹಿಷ್ಕಾರದ ಬ್ಯಾನರ್ ಕಟ್ಟುವುದು ಸಾಮಾನ್ಯವಾಗಿ ಚುನಾವಣೆ ಘೋಷಣೆಯಾದ ಮೇಲೆ. ಆ ಹೊತ್ತಿಗೆ ನೀತಿಸಂಹಿತೆ ಜಾರಿಗೆ ಬಂದಿರುತ್ತದೆ, ಹೊಸ ಕಾಮಗಾರಿ ಮಂಜೂರು ಮಾಡುವ ಅಧಿಕಾರ ಮನವೊಲಿಸಲು ಬಂದ ತಹಶೀಲ್ದಾರರಿಗೂ ಇರುವುದಿಲ್ಲ, ಮಂತ್ರಿಗಳಿಗೂ ಇರುವುದಿಲ್ಲ. ಅವರು ಬಾಯಿಮಾತಿನ ಭರವಸೆ ಕೊಟ್ಟು ಹೋಗುತ್ತಾರೆ, ಅಷ್ಟೇ. ಊರಿನ ಒಗ್ಗಟ್ಟನ್ನು ತೋರಿಸುವ ಕಾಲ ಈಗಿನದು. ಗ್ರಾಮಸಭೆಯಲ್ಲಿ ಕಾಲುಸಂಕಕ್ಕೆ ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ಶಾಸಕರಿಗೂ ತಾಲ್ಲೂಕು ಪಂಚಾಯಿತಿಗೂ ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಹಳ್ಳದ ಕಾರಣದಿಂದ ಮತಗಟ್ಟೆಗೆ ಹೋಗುವುದೇ ಕಷ್ಟವೆಂದಾದರೆ ಅದಕ್ಕೂ ಬೇರೆಯೇ ಅರ್ಜಿ ಕೊಡಬೇಕು. ಮತದಾರರು ಸಾಮಾನ್ಯವಾಗಿ 2 ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಾಗಬಾರದು, ನದಿ ಗುಡ್ಡಗಳಂಥ ಅಡ್ಡಿಗಳನ್ನು ದಾಟುವಂತಾಗಬಾರದು ಎಂಬುದು ಆಯೋಗದ ಧೋರಣೆ. ಗುಡ್ಡಗಾಡಿನಲ್ಲಿ ಕಡಿಮೆ ಮತದಾರರಿದ್ದರೂ ಪ್ರತ್ಯೇಕ ಮತಗಟ್ಟೆ ಮಾಡಲು ಅವಕಾಶವಿದೆ. ಪಟ್ಟಿ ಪರಿಷ್ಕರಣೆಗೆ ಮೊದಲು ಮತಗಟ್ಟೆಗಳ ಕರಡು ಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ, ಆಗಲೇ ತಾಲ್ಲೂಕು ಕಚೇರಿಗೆ ಮನವಿ ಕೊಡಿ. ಹಳ್ಳದ ಈಚೆ ಎಷ್ಟು ಮತದಾರರಿದ್ದಾರೆ, ಈಗಿನ ಮತಗಟ್ಟೆಗೆ ಕಾಲುದಾರಿಯಲ್ಲಿ ಎಷ್ಟು ದೂರ, ರಸ್ತೆಯಲ್ಲಿ ಸುತ್ತಿ ಹೋದರೆ ಎಷ್ಟು, ಈಚೆ ಬದಿಯಲ್ಲಿ ವಿದ್ಯುತ್ತು ಮತ್ತು ಭದ್ರವಾದ ಬಾಗಿಲಿರುವ ಸರ್ಕಾರಿ ಕಟ್ಟಡ ಯಾವುದಿದೆ ಎಂಬ ನಾಲ್ಕು ವಿವರಗಳನ್ನು ಬರೆದು, ಎಲ್ಲ ಮನೆಯವರೂ ತಮ್ಮ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳ ಎದುರು ಸಹಿ ಹಾಕಿದರೆ ಆ ಮನವಿಯನ್ನು ಕಚೇರಿಯಲ್ಲಿ ಪಕ್ಕಕ್ಕಿಡುವುದು ಸುಲಭವಲ್ಲ.